ಸೋಲಿಗರ ತರಗು ಬೆಂಕಿ
ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಬಿಸಿಲು ಬಲಿಯುವ ಮುನ್ನವೇ ಉದುರಿದ ಒಣ ಎಲೆಗಳಿಗೆ ಹಚ್ಚುತ್ತಿದ್ದ ಸಣ್ಣ ಉರಿಗೆ ತರಗು ಬೆಂಕಿ ಎಂದು ಹೆಸರು. ನೆಲಮಟ್ಟದಲ್ಲೇ ಹರಿದು ಆರಿಹೋಗುವ ಈ ಬೆಂಕಿಯು ದೊಡ್ಡ ಮರಗಳನ್ನು ಕೆಡಿಸದೆ, ಲಾಂಟಾನಾ ಪೊದೆಯನ್ನೂ, ನೆಲ್ಲಿಯ ಕೊಂಬೆಗೆ ಬೇರಿಳಿಸಿ ಸಾರ ಹೀರುವ ‘ಉಪ್ಪಿಲು’ ಎಂಬ ಬಂದಳಿಕೆಯನ್ನೂ ಹತೋಟಿಯಲ್ಲಿಡುತ್ತಿತ್ತೆಂಬುದು ಅವರ ಹಿರಿಯರ ತಿಳಿವಳಿಕೆ. 1974ರಲ್ಲಿ ಈ ಕಾಡು ವನ್ಯಧಾಮವಾಗಿ, ಬೆಂಕಿಗೆ ತಡೆ ಬಿದ್ದ ಮೇಲೆ ಲಾಂಟಾನಾ ದಟ್ಟವಾಗಿ ಹಬ್ಬಿದ್ದನ್ನು ಪರಿಸರ ವಿಜ್ಞಾನಿಗಳೂ ದಾಖಲಿಸಿದ್ದಾರೆ. ಎಲ್ಲಿ, ಯಾವ ಹೊತ್ತಿನಲ್ಲಿ ಕಿಡಿ ತಾಗಿಸಬೇಕೆಂಬ ವಿವೇಕವು, ನಿಜಕ್ಕೂ ಅದೊಂದು ಶಾಸ್ತ್ರವೇ, ಹಿರಿಯರೊಡನೆ ಕಾಡು ಸುತ್ತದೆ ದಕ್ಕುವಂಥದ್ದಲ್ಲ. ಆದ್ದರಿಂದ ಬೆಟ್ಟದ ಶಾಲೆಗಳು ಪೋಡುಗಳ, ಅಂದರೆ ಸೋಲಿಗರ ಊರುಗಳ, ಹಿರಿಯರನ್ನು ಗುರುಗಳಾಗಿ ಕರೆಯಬೇಕು. ಪಾಠದ ಒಂದು ಪಾಲು ಕಾಡಿನಲ್ಲೇ ನಡೆಯಬೇಕು.