ಯಾವ ಹೊತ್ತಿನಲ್ಲಿ ನೋಡಬೇಕು

ನಮ್ಮ ಊರಿನ ಹೆಸರು ಹೇಳಿದರೆ ಗಡಿಯಾಚೆಯವರು ಮೊದಲು ನಗುತ್ತಾರೆ. ಮಟಕಿ ಅಂದರೆ ಮರಾಠಿಯಲ್ಲಿ ಮಡಕಿ ಕಾಳು, ಹಿಂದಿಯಲ್ಲಿ ನೀರಿನ ಗಡಿಗೆ. ಆಳಂದ ತಾಲೂಕಿನ ಈ ಊರು ಬಿಟ್ಟು ಕಲಬುರಗಿಯಲ್ಲಿ ಪ್ರವಾಸಿಗರಿಗೆ ಕೈಪಿಡಿ ಬರೆಯುವ ಕೆಲಸಕ್ಕೆ ಸೇರಿದ ದಿನ, ಪಕ್ಕದ ಕುರ್ಚಿಯವರು ಕೇಳಿದ್ದು ಒಂದೇ ಮಾತು: "ಮಟಕಿಯವ್ರಾ? ಮೊಳಕಿ ಬಂದದೇನ್ರಿ?"

ಮೊಳಕೆ ಬರಲು ಒಂದೆರಡು ವರ್ಷ ಹಿಡಿಯಿತು. ಮೊದಲ ಕೈಪಿಡಿಯಲ್ಲಿ ನಾನೂ ಎಲ್ಲರಂತೆ ಪಟ್ಟಿ ಹಾಕಿದೆ. ಕೋಟೆ, ಬಂದೇನವಾಜ್ ದರ್ಗಾ, ಶರಣಬಸವೇಶ್ವರ ಗುಡಿ, ಬುದ್ಧವಿಹಾರ, ಗಾಣಗಾಪುರ. ಒಂದೊಂದಕ್ಕೂ ಒಂದು ಫೋಟೊ, ಎಷ್ಟು ಕಿಲೋಮೀಟರು ಎಂಬ ಲೆಕ್ಕ. ಫೋಟೊಗಳೆಲ್ಲ ನಡುಮಧ್ಯಾಹ್ನದವು. ನಮ್ಮ ಬಿಸಿಲಿನಲ್ಲಿ ನಡುಮಧ್ಯಾಹ್ನ ಹೊರಗೆ ಬೀಳುವವರು ಫೋಟೊ ತೆಗೆಯುವವರು ಮಾತ್ರ. ಊರಿನವರು ಯಾರೂ ಕಾಣದ ಹೊತ್ತಿನ ಊರನ್ನು ಅಚ್ಚು ಹಾಕಿಸಿ ಹಂಚಿದೆವು.

ಕೋಟೆಯೊಳಗಿನ ಜಾಮಿ ಮಸೀದಿಯನ್ನು ನಾನು ನೋಡಿದ್ದು ಎಷ್ಟೋ ಸಲ. ಕಂಡದ್ದು ಮಾತ್ರ ಒಂದು ಡಿಸೆಂಬರದ ಸಂಜೆ, ನಾಲ್ಕು ದಾಟಿದ ಮೇಲೆ. 1367ರಲ್ಲಿ ಬಹಮನಿಗಳ ಕಾಲಕ್ಕೆ ಕಟ್ಟಿದ್ದು. ಶಾಸನದಲ್ಲಿ ರಫಿ ಎಂಬವನ ಹೆಸರಿದೆ, ಇರಾನಿನ ಕಜ್ವೀನ್ ಕಡೆಯ ಮನೆತನದವನು. 216 ಅಡಿ ಉದ್ದ, 176 ಅಡಿ ಅಗಲ, ಮಸೀದಿಗಳಿಗೆ ಸಾಮಾನ್ಯವಾಗಿ ಇರುವ ತೆರೆದ ಅಂಗಳ ಇದಕ್ಕಿಲ್ಲ. ಇಡೀ ಕಟ್ಟಡದ ಮೇಲೆ ಮಾಡು. ಬಂದವರಿಗೆಲ್ಲ ಸ್ಪೇನಿನ ಕಾರ್ಡೋಬಾದ ಮಸೀದಿಯಂತೆ ಇದೆ ಎಂದು ಹೇಳುವುದು ರೂಢಿ. ನನಗೆ ಆ ಹೋಲಿಕೆ ಸಾಲ ತಂದು ಮದುವೆ ಮಾಡಿದಂತೆ ಕಾಣುತ್ತದೆ. ಕಾರ್ಡೋಬಾದ ಕಂಬಗಳು ಸಪೂರ, ಕಮಾನುಗಳಿಗೆ ಕೆಂಪು ಬಿಳಿ ಪಟ್ಟೆ. ನಮ್ಮದಕ್ಕೆ ಬಣ್ಣದ ಹಂಗೇ ಇಲ್ಲ, ಬರಿಯ ಗಾರೆಯ ಬಿಳುಪು.

ಹೊರಸಾಲಿನ ಕಮಾನುಗಳನ್ನು ನೋಡಬೇಕು. ಕಾಲು ಗಿಡ್ಡ, ಹರವು ದೊಡ್ಡದು. ನೆಲದಿಂದ ತುಸುವೇ ಮೇಲೆದ್ದು ಅಲ್ಲಿಂದಲೇ ಬಾಗಲು ಶುರು ಮಾಡುತ್ತವೆ, ಚಕ್ಕಳಮಕ್ಕಳ ಹಾಕಿ ಕೂತ ಹಿರಿಯರ ಹಾಗೆ. ಸಾಲಿನ ಒಂದು ತುದಿಗೆ ನಿಂತರೆ ಕಮಾನಿನೊಳಗೆ ಕಮಾನು, ಅದರೊಳಗೆ ಇನ್ನೊಂದು. ಸಂಜೆಯ ಬೆಳಕು ಪಕ್ಕದಿಂದ ಅಡ್ಡ ನುಗ್ಗಿ ಎರಡು ಕಮಾನುಗಳ ನಡುವಿನ ನೆಲದ ಮೇಲೆ ಮಾತ್ರ ಬೀಳುತ್ತದೆ. ಬೆಳಕು, ನೆರಳು, ಮತ್ತೆ ಬೆಳಕು. ಅಂದು ಆ ತುದಿಯಿಂದ ಒಬ್ಬ ಮುದುಕರು ಈ ಕಡೆಗೆ ನಡೆದು ಬಂದರು. ಕಾಣುವರು, ಮರೆಯಾಗುವರು, ಮತ್ತೆ ಕಾಣುವರು. ಹತ್ತಿರ ಬಂದಾಗ ಅವರ ಕೈಯಲ್ಲಿ ಬೀಗದ ಕೈ ಇತ್ತು. ಹತ್ತು ನಿಮಿಷದಲ್ಲಿ ಆ ಬೆಳಕು ಗೋಡೆ ಹತ್ತಿ, ಹಳದಿಯಾಗಿ, ಆರಿಹೋಯಿತು. ಆ ಹತ್ತು ನಿಮಿಷ ಕೈಪಿಡಿಯಲ್ಲಿ ಎಲ್ಲೂ ಇರಲಿಲ್ಲ.

ಅಂದಿನಿಂದ ನನ್ನ ತಲೆಯಲ್ಲಿ ಸ್ಥಳದ ಪಟ್ಟಿ ಹೋಗಿ ಹೊತ್ತಿನ ಪಟ್ಟಿ ಬಂತು. ಗಾಣಗಾಪುರಕ್ಕೆ ಯಾವಾಗ ಹೋಗಬೇಕು ಎಂದು ಕೇಳಿದರೆ, ದತ್ತಾತ್ರೇಯರ ಪಾದುಕೆಗೆ ಯಾವಾಗಲಾದರೂ ಹೋಗಿ, ಆದರೆ ಮಧುಕರಿಯ ಹೊತ್ತು ತಪ್ಪಿಸಬೇಡಿ ಎನ್ನುತ್ತೇನೆ. ಊಟದ ಹೊತ್ತಿಗೆ, ಕಾರಿನಲ್ಲಿ ಬಂದ ಸೋಲಾಪುರದ ಸಾಹುಕಾರನೂ ಜೋಳಿಗೆ ಹಿಡಿದು ಐದು ಮನೆಯ ಮುಂದೆ ನಿಲ್ಲುತ್ತಾನೆ. ಜೋಳಿಗೆಗೆ ಬಿದ್ದ ಅರ್ಧ ರೊಟ್ಟಿಯನ್ನು ಅವನು ನೋಡುವ ನೋಟವನ್ನು ಒಮ್ಮೆ ನೋಡಿ. ನಮ್ಮ ಆಳಂದ ಸೀಮೆಯ ಅಮರ್ಜಾ ಹೊಳೆ ಭೀಮೆಯನ್ನು ಕೂಡುವುದೂ ಅಲ್ಲೇ, ಸಂಗಮದಲ್ಲಿ.

ಬೇಸಿಗೆಯಲ್ಲಿ ಬರುವವರಿಗೆ ಏನು ತೋರಿಸುತ್ತೀರಿ ಎಂದು ಕಚೇರಿಯಲ್ಲಿ ಕೇಳಿದರು. ಶಹಾಬಾದಿನ ಫರಸಿ ಎಂದೆ. ತಮಾಷೆ ಅಂದುಕೊಂಡರು. ಮೇ ತಿಂಗಳ ಸಂಜೆ ಅಂಗಳದ ಫರಸಿಯ ಮೇಲೆ ಎರಡು ಕೊಡ ನೀರು ಸುರಿದಾಗ ಆ ಬೂದು ಕಲ್ಲು ಒಮ್ಮೆಗೇ ಕರಿನೀಲಿಯಾಗಿ, ಕಾದ ವಾಸನೆ ಬಿಟ್ಟು, ಸಣ್ಣಗೆ ಚುಂಯ್ ಎನ್ನುವುದನ್ನು ಬರಿಗಾಲಲ್ಲಿ ನಿಂತು ಅನುಭವಿಸದವರು ಕಲಬುರಗಿಯ ಬಿಸಿಲನ್ನು ಬೈಯಲಿಕ್ಕೂ ಅರ್ಹರಲ್ಲ.

ಇನ್ನೊಂದು ತಡವಾಗಿ ಹೊಳೆಯಿತು. ಪ್ರವಾಸಿಗರು ಬರಲಿ ಎಂದು ನಾವು ಬೆಂಗಳೂರು, ಪುಣೆ ಎಂದು ದೂರ ನೋಡುತ್ತಿದ್ದೆವು. ಅವರು ಆಗಲೇ ಇಲ್ಲಿದ್ದರು. ಇದು ಕಾಲೇಜುಗಳ ಊರು. 1958ರಿಂದ ಇಂಜಿನಿಯರಿಂಗ್ ಕಾಲೇಜು, 1963ರಿಂದ ಮೆಡಿಕಲ್ ಕಾಲೇಜು, 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ, 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯ, ಅದು ಈಗ ಇರುವುದು ಆಳಂದ ರಸ್ತೆಯ ಕಡಗಂಚಿಯಲ್ಲಿ. ಕೇರಳ, ಒಡಿಶಾ, ಬಿಹಾರದಿಂದ ಬಂದ ಹುಡುಗ ಹುಡುಗಿಯರು ವರ್ಷಗಟ್ಟಲೆ ಇದ್ದು, ಹಾಸ್ಟೆಲಿನ ಅನ್ನ ಬೈದು, ಊರು ನೋಡದೆ ಹೋಗುತ್ತಾರೆ. ಕಡಗಂಚಿಯ ಸುತ್ತ ತೊಗರಿ ಹೂ ಬಿಟ್ಟು ಹೊಲವೆಲ್ಲ ಹಳದಿಯಾದದ್ದು ಅವರಿಗೆ ಬಸ್ಸಿನ ಕಿಟಕಿಯಾಚೆಗೆ ಸರಿದುಹೋದ ಬಣ್ಣ, ಅಷ್ಟೇ. ಅದೇ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ.

ಹಾಗಾಗಿ ಒಂದು ಎಳ್ಳಮಾಸಿಗೆ, ಅಂದರೆ ಎಳ್ಳ ಅಮಾವಾಸ್ಯೆಗೆ, ಕಡಗಂಚಿಯ ಐದಾರು ವಿದ್ಯಾರ್ಥಿಗಳನ್ನು ನಮ್ಮ ಹೊಲಕ್ಕೇ ಕರೆದುಕೊಂಡು ಹೋದೆ.

ಎಳ್ಳಮಾಸಿಯ ಬಜ್ಜಿ ಬೋಂಡಾದಂಗಡಿಯ ಬಜ್ಜಿಯಲ್ಲ. ಹಸಿ ಕಡಲಿ, ಹಸಿ ತೊಗರಿ, ಅವರಿಕಾಳು, ಬಟಾಣಿ, ಶೇಂಗಾ, ಗಜ್ಜರಿ, ಮೆಂತ್ಯ, ಪಾಲಕ, ಉಳ್ಳಾಗಡ್ಡಿ ತಪ್ಪಲ, ಹೊಲ ಆ ದಿನ ಕೊಟ್ಟದ್ದೆಲ್ಲ ಒಂದೇ ಪಾತ್ರೆಯಲ್ಲಿ ಬೆಂದು, ಹುಣಸೆಯ ಹುಳಿ ಹಿಡಿದು, ಕಡಲೆಹಿಟ್ಟಿನಲ್ಲಿ ಗಟ್ಟಿಯಾಗುತ್ತದೆ. ಬಾಯಿಗಿಟ್ಟರೆ ಮೊದಲು ಹುಳಿ, ಹಿಂದಿನಿಂದ ಖಾರ. ಆಮೇಲೆ ಒಂದೊಂದೇ ಕಾಳು ಹಲ್ಲಿಗೆ ಸಿಕ್ಕು ತನ್ನ ಹೆಸರು ಹೇಳುತ್ತದೆ. ತೊಗರಿಯದು ತುಸು ಒಗರು, ಕಡಲೆಯದು ಹಸಿರು ಸಿಹಿ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಬೆಂದ ಎಳ್ಳು ರೊಟ್ಟಿ ಮುರಿದಾಗಲೇ ಘಮ್ಮೆನ್ನಬೇಕು, ಇಲ್ಲದಿದ್ದರೆ ತವಾ ಕಾದಿಲ್ಲ ಎಂದು ಅರ್ಥ. ಮೇಲೆ ಮಣ್ಣಿನ ಗಡಿಗೆಯ ಅಂಬಲಿ, ಬೆಳ್ಳುಳ್ಳಿ ಮಜ್ಜಿಗೆ ಬೆರೆಸಿದ್ದು. ಹೊಲಕ್ಕೆಲ್ಲ ಚರಗ ಚೆಲ್ಲಿ ಬಂದ ಮೇಲೆಯೇ ಎಲ್ಲರ ಊಟ. ಭೂಮಿತಾಯಿಗೆ ಮೊದಲ ತುತ್ತು.

ಒಡಿಶಾದ ಹುಡುಗಿ ಒಬ್ಬಳು ಒಂದೊಂದು ಕಾಳನ್ನೂ ಬೆರಳಲ್ಲಿ ಬೇರೆ ಮಾಡಿ ಇದೇನು, ಇದೇನು ಎಂದು ಕೇಳುತ್ತ ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದಳು. ನಮ್ಮ ಅವ್ವ ನೋಡುವಷ್ಟು ನೋಡಿ, ಅವಳ ತಾಟಿಗೆ ಇನ್ನೊಂದು ಸೌಟು ಸುರಿದಳು. "ಹೆಸರ ಆಮ್ಯಾಗ ಬರ್ಕೋ ಯವ್ವಾ. ಬಿಸಿ ಆರ್ತದ, ಮೊದಲ ಉಣ್ಣು." ಭಾಷೆ ಬಾರದಿದ್ದರೂ ಹುಡುಗಿಗೆ ತಿಳಿಯಿತು. ಮೊಬೈಲು ಸೀರೆಯ ಗುಡಾರದ ನೆರಳಿನಲ್ಲಿ ಮಗುಚಿ ಬಿತ್ತು.

ಮುಂದಿನ ಕೈಪಿಡಿಗೆ ಎಳ್ಳಮಾಸಿಯನ್ನೂ ಸೇರಿಸೋಣ ಎಂದು ಕಚೇರಿಯಲ್ಲಿ ಕೇಳಿದೆ. ಮೇಲಿನವರು ಒಪ್ಪಿದರು. ಪೆನ್ನು ತೆಗೆದು ಕೇಳಿದರು: "ಛಲೋ ಅದ. ಲೊಕೇಶನ್ ಯಾವುದು ಹಾಕೋಣ?"

"ಯಾರ ಹೊಲ ಆದ್ರೂ ನಡೀತದ್ರಿ" ಎಂದೆ.