ಕಿಶೋರಿಗೂ ವಧುವಿಗೂ ನಡುವೆ

ಡಾ. ಅನುಪಮಾ ನಿರಂಜನರ ಆರೋಗ್ಯಗ್ರಂಥಗಳಲ್ಲಿ ನಾಲ್ಕರ ಹೆಸರುಗಳನ್ನು ಸಾಲಾಗಿ ಓದಿದರೆ ವಾಚಕರಿಗೆ ಒಂದು ಸಂಗತಿಯು ಕೂಡಲೇ ಗೋಚರಿಸುವುದು. ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ತಾಯಿ-ಮಗು’ ಎಂಬಲ್ಲಿ ಹೆಣ್ಣಿನ ಬಾಳು ಮೆಟ್ಟಿಲು ಮೆಟ್ಟಿಲಾಗಿ ಏರಿಹೋಗುತ್ತದೆ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಈ ಲೇಖಕಿಯು, ಪಿಸುಮಾತಿನಲ್ಲಿಯೇ ಉಳಿದಿದ್ದ ವಿಷಯಗಳನ್ನು ಅಚ್ಚಿನ ಕನ್ನಡಕ್ಕೆ ತಂದುದು ಸಾಮಾನ್ಯವಾದ ಉಪಕಾರವಲ್ಲ. ಆದರೆ ಕಿಶೋರಿಗೂ ವಧುವಿಗೂ ನಡುವೆ ಇಂದು ವಿಶ್ವವಿದ್ಯಾನಿಲಯದ ಐದಾರು ವರುಷಗಳು ಬಂದು ನಿಂತಿವೆ. ತಾಯಿತಂದೆಯರಿಂದ ದೂರವಾಗಿ ವಿದ್ಯಾರ್ಥಿನಿಲಯದಲ್ಲಿ ವಾಸಿಸುವ ಆ ವಯಸ್ಸನ್ನು ಈ ನಾಲ್ಕು ಹೆಸರುಗಳಲ್ಲಿ ಯಾವುದೂ ಕರೆಯುವುದಿಲ್ಲ. ಗಂಡುಹುಡುಗನ ಮಾತಂತೂ ಕೇಳುವುದೇ ಬೇಡ!

ಇದನ್ನು ಲೇಖಕಿಯ ದೋಷವೆನ್ನಲಾಗದು. ನಮ್ಮ ಪರಿಭಾಷೆಯೇ ಹಾಗಿದೆ. ‘ಕುಟುಂಬ ಯೋಜನೆ’ ಎಂದೊಡನೆ ಅವಿವಾಹಿತ ವಿದ್ಯಾರ್ಥಿಯು ತನಗೆ ಸಂಬಂಧವಿಲ್ಲವೆಂದು ಪುಟವನ್ನು ಮಗುಚುವನು. ‘ಗುಪ್ತರೋಗ’ವೆಂಬ ಶಬ್ದವು ಇನ್ನೂ ಕೆಟ್ಟದ್ದು. ವೈದ್ಯರಿಗೆ ತೋರಿಸಲೇಬೇಕಾದ ರೋಗಕ್ಕೆ ಬಚ್ಚಿಡಬೇಕಾದುದೆಂಬ ಹೆಸರನ್ನಿಟ್ಟರೆ, ರೋಗಿಯು ಗೋಡೆಯ ಮೇಲಿನ ಜಾಹೀರಾತಿನ ಪಂಡಿತನಲ್ಲಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಆಡಳಿತದಲ್ಲಿ ನಾವು ಹಿಂದುಳಿದವರಲ್ಲ. ಸರ್ಕಾರದ ವತಿಯಿಂದಲೇ ಸಂತಾನನಿಯಂತ್ರಣದ ಚಿಕಿತ್ಸಾಲಯಗಳು ಮೈಸೂರು ಸಂಸ್ಥಾನದಲ್ಲಿ 1930ರಷ್ಟು ಹಿಂದೆಯೇ ತೆರೆದುವು. ನೆರೆಯ ಮರಾಠಿಯಲ್ಲಿ, ಗಣಿತದ ಅಧ್ಯಾಪಕರಾಗಿದ್ದ ರಘುನಾಥ ಧೋಂಡೋ ಕರ್ವೆಯವರು ಈ ಕಾರ್ಯಕ್ಕಾಗಿ ಕಾಲೇಜಿನ ಕೆಲಸವನ್ನು ಬಿಡಬೇಕಾಗಿ ಬಂದರೂ, 1927ರಿಂದ 1953ರಲ್ಲಿ ತಾವು ತೀರಿಕೊಳ್ಳುವವರೆಗೆ ‘ಸಮಾಜಸ್ವಾಸ್ಥ್ಯ’ವನ್ನು ನಡೆಸಿದರು.

ಶಬ್ದದ ಈ ಕೊರತೆಗೆ ದೇಹವು ತೆರುವ ಬೆಲೆಯನ್ನು ನೋಡಿರಿ. ತುರ್ತು ಗರ್ಭನಿರೋಧಕ ಗುಳಿಗೆಯ ಹೆಸರು ವಿದ್ಯಾರ್ಥಿಗಳಿಗೆ ಜಾಹೀರಾತಿನಿಂದ ತಿಳಿದಿರುತ್ತದೆ. ಅದರ ಗುಣವು ತಿಳಿದಿರುವುದಿಲ್ಲ. ಔಷಧದಂಗಡಿಯಲ್ಲಿ ದೊರೆಯುವ ಲೆವೊನಾರ್ಜೆಸ್ಟ್ರೆಲ್ ಗುಳಿಗೆಯನ್ನು 72 ಗಂಟೆಗಳೊಳಗೆ, ಸಾಧ್ಯವಾದಷ್ಟು ಬೇಗನೆ ಸೇವಿಸಬೇಕು. ಅದು ಅಂಡವು ಹೊರಬರುವುದನ್ನು ತಡೆಯುವುದು ಇಲ್ಲವೆ ಮುಂದೂಡುವುದೇ ಹೊರತು, ನೆಲೆಗೊಂಡ ಗರ್ಭವನ್ನು ತೆಗೆಯುವುದಿಲ್ಲ. ಗರ್ಭಪಾತದ ಔಷಧವೇ ಬೇರೆ. ಇವೆರಡನ್ನೂ ಒಂದೆಂದು ಬಗೆದವಳು ಅಮೂಲ್ಯವಾದ ವಾರಗಳನ್ನು ಕಳೆದುಕೊಳ್ಳುವಳು. ಇನ್ನು ಸೋಂಕಿನ ವಿಷಯ. ಗುಳಿಗೆಯಾಗಲಿ ವಂಕಿಯಾಗಲಿ ಸೋಂಕನ್ನು ತಡೆಯಲಾರವು. ಗರ್ಭ, ಸೋಂಕು ಎರಡಕ್ಕೂ ಅಡ್ಡವಾಗಿ ನಿಲ್ಲುವುದು ನಿರೋಧ್ ಮೊದಲಾದ ರಬ್ಬರಿನ ಚೀಲ ಮಾತ್ರ. ಕ್ಲಮಿಡಿಯದಂಥ ಸೋಂಕು ಹೊರಗೆ ಲಕ್ಷಣವನ್ನೇ ತೋರದೆ ಒಳಗೆ ಗರ್ಭನಾಳವನ್ನು ಕೆಡಿಸಬಲ್ಲುದು. ಆದರೆ ಕಾಲದಲ್ಲಿ ಪರೀಕ್ಷಿಸಿಕೊಂಡರೆ ಕೆಲವೇ ದಿನಗಳ ಔಷಧದಿಂದ ಗುಣವಾಗುವುದು. ಇಷ್ಟನ್ನು ಹೇಳಲು ಕನ್ನಡದಲ್ಲಿ ಶಕ್ತಿಯಿಲ್ಲವೆಂದು ಯಾರೂ ಹೇಳಲಾರರು. ಸಂಕೋಚವು ಬರೆಯುವವರಲ್ಲಿದೆ.

ವಿಚಿತ್ರವೆಂದರೆ, ಸಾಹಿತಿಗಳಿಗಿಂತ ಮೊದಲು ಶಬ್ದವನ್ನು ತಿದ್ದಿದವರು ಶಾಸನಕಾರರು. 1971ರ ಗರ್ಭಸಮಾಪ್ತಿಯ ಕಾಯಿದೆಯಲ್ಲಿ, ಗರ್ಭನಿರೋಧವು ವಿಫಲವಾದ ಸಂದರ್ಭವನ್ನು ಹೇಳುವಲ್ಲಿ, ವಿವಾಹಿತೆ ಮತ್ತು ಆಕೆಯ ಗಂಡ ಎಂದಿತ್ತು. 2021ರ ತಿದ್ದುಪಡಿಯು ಅದನ್ನು ಸ್ತ್ರೀ ಮತ್ತು ಆಕೆಯ ಸಂಗಾತಿ ಎಂದು ಬದಲಿಸಿತು. 20ರಿಂದ 24 ವಾರಗಳ ನಡುವಣ ಅವಕಾಶದಿಂದ ಅವಿವಾಹಿತೆಯನ್ನು ಹೊರಗಿಡಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು. ಕನ್ನಡದಲ್ಲಿ ಇನ್ನು ಮುಂದೆ ಆರೋಗ್ಯಪುಸ್ತಕವನ್ನು ಬರೆಯುವವರು, ಅದನ್ನು ಮುದ್ರಿಸುವವರು, ‘ವಧು’ ಎಂಬಲ್ಲಿ ‘ವಿದ್ಯಾರ್ಥಿನಿ’ ಎಂದೂ, ಅವಳ ಪಕ್ಕದಲ್ಲಿ ‘ವಿದ್ಯಾರ್ಥಿ’ ಎಂದೂ ಅಚ್ಚುಮೊಳೆ ಜೋಡಿಸಲು ಯಾವ ಅಡ್ಡಿಯಿದೆಯೋ ಕಾಣೆವು.