ಬುಕಾನನನ ಗ್ರಂಥದಲ್ಲಿ ಚನ್ನಪಟ್ಟಣದ ಉಕ್ಕಿನ ತಂತಿ: ಒಂದು ವಿಮರ್ಶೆ

ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ಬರೆದ ಪ್ರವಾಸಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣಗಳ ಕೈಗಾರಿಕೆಯ ಇತಿಹಾಸವನ್ನು ಬರೆಯುವವರಿಗೆ ಇದು ಮುಖ್ಯ ಆಕರ. ಚನ್ನಪಟ್ಟಣದ ವಾದ್ಯತಂತಿಗಳಿಗೆ ಬಹಳ ಮನ್ನಣೆಯಿತ್ತೆಂದೂ ಅವು ಭಾರತದ ದೂರದ ಪ್ರಾಂತಗಳಿಗೆ ಹೋಗುತ್ತಿದ್ದುವೆಂದೂ ಅದರಲ್ಲಿ ಹೇಳಿದೆ. ಈ ಮಾತನ್ನು ನಾವು ಅಭಿಮಾನದಿಂದ ಉದ್ಧರಿಸುತ್ತೇವೆ. ಆದರೆ ಆ ಮನ್ನಣೆಗೆ ಕಾರಣವೇನೆಂದು ಕೇಳುವುದು ವಿಮರ್ಶೆಯ ಕೆಲಸ.

ಬುಕಾನನನ ಗುಣವು ಕ್ರಿಯಾವಿವರಣೆಯಲ್ಲಿದೆ. ಮಧುಗಿರಿ ಕಡೆಯ ಉಕ್ಕಿನ ತಯಾರಿಕೆಯನ್ನು ಅವನು ಹಂತಹಂತವಾಗಿ ವರ್ಣಿಸಿದ್ದಾನೆ. ಸುಡದ ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡನ್ನೂ ತಂಗಡಿಯ ಕಡ್ಡಿಯನ್ನೂ ಹಸುರೆಲೆಯನ್ನೂ ಇಟ್ಟು, ಬಾಯನ್ನು ಮಣ್ಣಿನಿಂದ ಮುಚ್ಚಿ, ಇದ್ದಿಲಿನ ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಕಡ್ಡಿಯ ಇಂಗಾಲವು ಕಬ್ಬಿಣದೊಡನೆ ಬೆರೆತು ಉಕ್ಕಾಗುವುದು. ಮುಚ್ಚಳವು ಗಾಳಿಯನ್ನು ತಡೆಯುವುದು. ಈ ಉಕ್ಕು ಕಲ್ಲುಕುಟಿಗರ ಉಳಿಗೂ ಕತ್ತಿಗೂ ವಾದ್ಯದ ತಂತಿಗೂ ಬಳಕೆಯಾಗುತ್ತಿತ್ತು. ಕೂಲಿ, ಬೆಲೆ, ಇದ್ದಿಲುಗಳ ಲೆಕ್ಕದಲ್ಲಿಯೂ ಗ್ರಂಥಕರ್ತನು ಅಷ್ಟೇ ಎಚ್ಚರಿಕೆಯುಳ್ಳವನು.

ಅವನು ಬಿಟ್ಟದ್ದು ಗುಣದ ಅಳತೆಯನ್ನು. ನಿಶ್ಚಿತ ಉದ್ದದ ತಂತಿಯನ್ನು ಕಡಿಯದಂತೆ ಎಷ್ಟು ಎತ್ತರದ ಸ್ವರಕ್ಕೆ ಏರಿಸಬಹುದೆಂಬುದು ಅದರ ದಪ್ಪವನ್ನು ಅವಲಂಬಿಸಿಲ್ಲ. ದಪ್ಪ ಹೆಚ್ಚಿದಂತೆ ಬಲವೂ ಭಾರವೂ ಸಮನಾಗಿ ಹೆಚ್ಚುತ್ತವೆ. ಉಳಿಯುವುದು ಒಂದೇ ಪ್ರಮಾಣ: ಭಾರಕ್ಕೆ ತಕ್ಕ ಬಲ. ಆದುದರಿಂದ ತಂತಿಯನ್ನು ಬಿಗಿದು ಶ್ರುತಿ ಮಾಡುತ್ತಿದ್ದ ವೈಣಿಕನು ತಿಳಿಯದೆಯೇ ಲೋಹಪರೀಕ್ಷೆಯನ್ನು ನಡೆಸುತ್ತಿದ್ದನು. ಚನ್ನಪಟ್ಟಣದ ಕೀರ್ತಿಯು ಅಂತಹ ಅನೇಕ ಪರೀಕ್ಷೆಗಳ ಫಲವೆಂದು ನಾವು ತಿಳಿಯಬೇಕು.

ಇದೇ ಪ್ರಮಾಣದಿಂದ ಇಂದಿನ ವಿಮಾನ ಎಂಜಿನಿಯರನು ಟೈಟಾನಿಯಮ್ಮನ್ನು ಆರಿಸುತ್ತಾನೆ. 1795ರಲ್ಲಿ ಹೆಸರು ಪಡೆದ ಈ ಧಾತುವನ್ನು ಶುದ್ಧ ಲೋಹವಾಗಿ ಪಡೆಯಲು 1910ರವರೆಗೆ ಕಾಯಬೇಕಾಯಿತು. ಕಾದಾಗ ಅದು ಗಾಳಿಯ ಆಮ್ಲಜನಕವನ್ನೂ ಸಾರಜನಕವನ್ನೂ ಹೀರಿ ಪೆಡಸಾಗುತ್ತದೆ. ಆದಕಾರಣ ನಿರ್ವಾತದಲ್ಲಿಯೋ ಜಡಾನಿಲದಲ್ಲಿಯೋ ಕರಗಿಸಬೇಕು. ತೂಗಬಿಟ್ಟ ಸರಳು ತನ್ನ ಭಾರದಿಂದಲೇ ಕಡಿಯುವ ಉದ್ದವನ್ನು ಲೆಕ್ಕ ಹಾಕಿದರೆ, ಸಾಧಾರಣ ಮೆದು ಉಕ್ಕಿಗೆ ಸುಮಾರು 5 ಕಿಲೋಮೀಟರ್. ಶೇಕಡ 6 ಅಲ್ಯುಮಿನಿಯಮ್, 4 ವನೇಡಿಯಮ್ ಇರುವ ಟೈಟಾನಿಯಮ್ ಮಿಶ್ರಲೋಹಕ್ಕೆ ಸುಮಾರು 22. ಇಂದಿನ ಸಪೂರಾದ ವಾದ್ಯತಂತಿಯ ಉಕ್ಕಿಗೆ 26 ಅಥವಾ ಇನ್ನೂ ಹೆಚ್ಚು.

ಇದರಿಂದ ಉಕ್ಕು ಟೈಟಾನಿಯಮ್ಮನ್ನು ಗೆದ್ದಿತೆಂದು ಹೇಳುವುದು ಅವಸರದ ತೀರ್ಮಾನ. ತಂತಿಯ ಬಲವು ಅದನ್ನು ಮತ್ತೆ ಮತ್ತೆ ಎಳೆದು ಸಪೂರ ಮಾಡಿದುದರ ಫಲ. ದಪ್ಪ ಗಾಲಿಯಲ್ಲಿ ಅದು ದೊರೆಯದು. ಟೈಟಾನಿಯಮ್ ಮಿಶ್ರಲೋಹವಾದರೋ ದಪ್ಪ ಬಿಲ್ಲೆಯಲ್ಲಿಯೂ, 300 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿಯೂ ಉಪಯುಕ್ತವಾದ ಬಲವನ್ನು ಉಳಿಸಿಕೊಳ್ಳುತ್ತದೆ, ತುಕ್ಕನ್ನೂ ತಡೆಯುತ್ತದೆ. ಲೋಹದ ಹಿರಿಮೆಯು ಅದರ ಹೆಸರಿನಲ್ಲಿಲ್ಲ. ರೂಪ, ಸಂಸ್ಕಾರ, ಪ್ರಯೋಜನಗಳ ಹೊಂದಿಕೆಯಲ್ಲಿದೆ.

ಬುಕಾನನನನ್ನು ಕೇವಲ ಸ್ಥಳಪ್ರಶಸ್ತಿಗಾಗಿ ಓದಿದರೆ ಕುಲುಮೆಯವನ ವಿದ್ಯೆ ಪವಾಡವಾಗುತ್ತದೆ. ಕೇವಲ ಬೆಲೆಪಟ್ಟಿಯಾಗಿ ಓದಿದರೆ ಅದು ಬರಿಯ ಕೂಲಿಯಾಗುತ್ತದೆ. ಎರಡೂ ಆ ಕುಶಲಿಗೆ ಅನ್ಯಾಯವೇ. ಕಾಲೇಜಿನ ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಸಾನೋಮೀಟರ್ ಇದ್ದೇ ಇರುತ್ತದೆ. ಅದರ ಮೇಲೆ ಉಕ್ಕಿನ ತಂತಿಯೊಂದನ್ನು ಬಿಗಿದು, ತೂಕಗಳನ್ನು ಒಂದೊಂದಾಗಿ ಏರಿಸಿ, ಸ್ವರವನ್ನು ಗುರುತಿಸಿದ ವಿದ್ಯಾರ್ಥಿಯು ಈ ಪುಟಗಳನ್ನು ಓದಿದಾಗ, ಮನ್ನಣೆ ಎಂಬ ಒಂದು ಮಾತಿನ ಹಿಂದೆ ಎಷ್ಟು ಪರಿಶ್ರಮವಿದೆಯೆಂಬುದನ್ನು ಸರಿಯಾಗಿ ಅಳೆಯಬಲ್ಲನು.